ಆಟೋಮ್ಯಾಟಿಕ್ ಕಾರಿನಲ್ಲಿ ಎಡಗಾಲಿಗೇನು ಕೆಲಸ?

ಪ್ರಶ್ನೆ: ಹತ್ತು ವರ್ಷದಿಂದ ಮ್ಯಾನ್ಯುಯಲ್ ಕಾರು ಓಡಿಸುತ್ತಿದ್ದೇನೆ. ಈಗ ಮನೆಗೆ ಆಟೋಮ್ಯಾಟಿಕ್ ಬಂದಿದೆ. ಎಲ್ಲರೂ ತುಂಬ ಸುಲಭ ಅಂತಾರೆ. ನನಗೆ ಮಾತ್ರ ಭಯ. ಕ್ಲಚ್ ಇಲ್ಲದೆ ಗಾಡಿ ನನ್ನ ಹಿಡಿತದಲ್ಲೇ ಇಲ್ಲ ಅನ್ನಿಸುತ್ತದೆ. ಇದು ನನ್ನ ತಪ್ಪಾ, ಅಥವಾ ಓಡಿಸುವ ರೀತಿಯೇ ಬೇರೆನಾ?

ಉತ್ತರ: ನಿಮ್ಮ ತಪ್ಪೇನೂ ಇಲ್ಲ. ಇಷ್ಟು ವರ್ಷ ಕಷ್ಟಕ್ಕೆ ಆಗಿದ್ದು ನಿಮ್ಮ ಎಡಗಾಲು. ಎದುರಿಗೆ ಏನೋ ಅಡ್ಡ ಬರಲಿ, ಗೇರ್ ತಪ್ಪಿ ಬೀಳಲಿ, ಗಲಿಬಿಲಿ ಆದ ಕೂಡಲೇ ಆ ಕಾಲು ತಾನಾಗಿಯೇ ಕ್ಲಚ್ ತುಳಿಯುತ್ತದೆ. ಕ್ಲಚ್ ತುಳಿದರೆ ಇಂಜಿನ್‌ಗೂ ಚಕ್ರಕ್ಕೂ ಸಂಬಂಧ ಕಡಿದ ಹಾಗೆ. ಆಮೇಲೆ ಇಂಜಿನ್ ಎಷ್ಟೇ ಕೂಗಾಡಿದರೂ ಗಾಡಿಯನ್ನು ತಳ್ಳಲು ಅದರಿಂದ ಆಗುವುದಿಲ್ಲ. ಆಟೋಮ್ಯಾಟಿಕ್‌ನಲ್ಲಿ ಆ ಪೆಡಲ್ಲೇ ಇಲ್ಲ. ಡಿ (ಡ್ರೈವ್, ಮುಂದೆ ಹೋಗುವ ಗೇರ್) ಹಾಕಿದ ಮೇಲೆ ಗಾಡಿ ಮುಂದೆ ಹೋಗಲು ತಯಾರಾಗಿಯೇ ನಿಂತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಬ್ರೇಕ್ ಒಂದೇ. ಹಿಡಿತ ತಪ್ಪಿದೆ ಅಂತ ನಿಮಗೆ ಅನ್ನಿಸುವುದು ಇದೇ ಕಾರಣಕ್ಕೆ.

ಅದಕ್ಕೇ 'ಆಟೋಮ್ಯಾಟಿಕ್ ಸುಲಭ' ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೆಲಸ ಕಮ್ಮಿ, ನಿಜ. ಆದರೆ ಕ್ಲಚ್ ಮಾಡುತ್ತಿದ್ದ ಕಾವಲಿನ ಕೆಲಸವೂ ಈಗ ಬ್ರೇಕಿನ ಮೇಲೆ ಬಿದ್ದಿದೆ. ಅಂದರೆ ಬಲಗಾಲಿನ ಮೇಲೆ.

ನಾನು ಮೊದಲ ಸಲ ಆಟೋಮ್ಯಾಟಿಕ್ ಓಡಿಸಿದ ದಿನ ಇನ್ನೂ ಚೆನ್ನಾಗಿ ನೆನಪಿದೆ. ಹತ್ತು ನಿಮಿಷ ಎಲ್ಲ ಸರಿಯಾಗಿತ್ತು. ಒಂದು ತಿರುವಿನ ಹತ್ತಿರ ನಿಧಾನ ಮಾಡಿದೆ. ಗಾಡಿ ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಯಿತು. ಆಟೋಮ್ಯಾಟಿಕ್ ಕಾರುಗಳಲ್ಲಿ ಬ್ರೇಕ್ ಪೆಡಲ್ ಸಾಮಾನ್ಯವಾಗಿ ಸ್ವಲ್ಪ ಅಗಲ ಇರುತ್ತದೆ. ಪಾದ ಪೂರ್ತಿ ಅದರ ಮೇಲೆ ಬಿತ್ತು. ಗಾಡಿ ಗೋಡೆಗೆ ತಾಗಿದ ಹಾಗೆ ನಿಂತಿತು. ಬೆಲ್ಟ್ ಎದೆಗೆ ಒತ್ತಿತು. ಹಿಂದಿನ ಸೀಟಿನಲ್ಲಿದ್ದ ನೀರಿನ ಬಾಟಲಿ ಉರುಳಿ ನನ್ನ ಸೀಟಿನ ಕೆಳಗೆ ಬಂತು. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಅಷ್ಟೇ ಪುಣ್ಯ.

ಹೀಗೆ ಯಾಕಾಗುತ್ತದೆ ನೋಡಿ. ಕ್ಲಚ್ಚನ್ನು ನಾವು ಒಂದೇ ಏಟಿಗೆ, ತಳ ಮುಟ್ಟುವ ತನಕ ತುಳಿಯುತ್ತೇವೆ. ಎಡಗಾಲು ಕಲಿತಿರುವ ತುಳಿತ ಅದೊಂದೇ. ನಾಜೂಕು ಏನಿದ್ದರೂ ಬಿಡುವಾಗ. ಬ್ರೇಕನ್ನು ಹದ ನೋಡಿ ಒತ್ತುವುದು ಬಲಗಾಲಿಗೆ ಗೊತ್ತು. ಪೆಡಲ್ ಒಂದೇ ಆದರೂ ಕಾಲು ಬೇರೆ ಆದರೆ ಗಾಡಿ ನಿಲ್ಲುವ ರೀತಿಯೇ ಬೇರೆ.

ಹಾಗಾಗಿ ಮೊದಲ ಕೆಲಸ ಇದು. ಸೀಟಿನಲ್ಲಿ ಕೂತ ಕೂಡಲೇ ಎಡಗಾಲನ್ನು ಪಕ್ಕದ ಫುಟ್‌ರೆಸ್ಟ್ ಮೇಲೆ ಇಡಿ. ಅದಿಲ್ಲದಿದ್ದರೆ ಹಿಮ್ಮಡಿಯನ್ನು ಸೀಟಿನ ಕಡೆಗೆ ಹಿಂದಕ್ಕೆ ಎಳೆದುಕೊಳ್ಳಿ. ಅಲ್ಲಿಂದ ಅದು ಏಳಬಾರದು. ಒಂದು ಕಾಲು ಬ್ರೇಕಿಗೆ, ಇನ್ನೊಂದು ಆಕ್ಸಿಲರೇಟರ್‌ಗೆ ಇಟ್ಟರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಗಾಬರಿಯಲ್ಲಿ ಎರಡೂ ಕಾಲು ಒಟ್ಟಿಗೆ ಒತ್ತುತ್ತವೆ. ಗಾಬರಿ ಇಲ್ಲದಾಗಲೂ ಎಡಗಾಲು ಸುಮ್ನೆ ಬ್ರೇಕ್ ಮೇಲೆ ಕೂತಿರುತ್ತದೆ. ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಪ್ಯಾಡ್ ಬಿಸಿಯಾಗುತ್ತದೆ, ಹಿಂದೆ ಬರುವವರಿಗೆ ನೀವು ಯಾವಾಗ ನಿಜವಾಗಿ ಬ್ರೇಕ್ ಹಾಕಿದಿರಿ ಅಂತಲೇ ಗೊತ್ತಾಗುವುದಿಲ್ಲ. ರೇಸ್ ಓಡಿಸುವವರು ಎಡಗಾಲಲ್ಲಿ ಬ್ರೇಕ್ ಹಾಕುತ್ತಾರೆ ನಿಜ. ಅವರು ಅದಕ್ಕೆಂದೇ ಕಾಲನ್ನು ಪಳಗಿಸಿಕೊಂಡವರು.

ಎರಡನೆಯದು, ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನೇ ಮೆಲ್ಲಗೆ ಮುಂದೆ ಹೋಗುವುದು. ಮ್ಯಾನ್ಯುಯಲ್‌ನಿಂದ ಬಂದವರಿಗೆ ಇದು ದಿಗಿಲು ಹುಟ್ಟಿಸುತ್ತದೆ. ಆಕ್ಸಿಲರೇಟರ್ ಮುಟ್ಟಿಯೇ ಇಲ್ಲವಲ್ಲ, ಮತ್ತೆ ಹೇಗೆ ಹೋಗುತ್ತಿದೆ?

ಎರಡು ಫ್ಯಾನ್‌ಗಳನ್ನು ಎದುರು ಬದುರು ಇಡಿ. ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗಲು ಶುರು ಮಾಡುತ್ತದೆ. ಕೈಯಿಂದ ಎರಡನೆಯದನ್ನು ಹಿಡಿದರೆ ಅದು ನಿಲ್ಲುತ್ತದೆ, ಮೊದಲನೆಯದು ತಿರುಗುತ್ತಲೇ ಇರುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದು ಡಬ್ಬಿಯೊಳಗೆ ಮುಚ್ಚಿದರೆ ಹೆಚ್ಚು ಕಮ್ಮಿ ಅದೇ ಟಾರ್ಕ್ ಕನ್ವರ್ಟರ್. ಒಂದು ಫ್ಯಾನು ಇಂಜಿನ್ ಕಡೆಗೆ, ಇನ್ನೊಂದು ಗೇರ್‌ಬಾಕ್ಸ್ ಕಡೆಗೆ. ನಡುವೆ ಎಣ್ಣೆಯ ದಾರಿ ತಿರುಗಿಸಿ ತಳ್ಳುವ ಬಲ ಹೆಚ್ಚಿಸುವ ಮೂರನೆಯ ಚಕ್ರವೂ ಒಂದಿದೆ. ನೀವು ಬ್ರೇಕ್ ಒತ್ತಿರುವಾಗ ಎರಡನೆಯ ಫ್ಯಾನನ್ನು ಕೈಯಿಂದ ಹಿಡಿದ ಹಾಗೆ. ಇಂಜಿನ್ ಆಫ್ ಆಗುವುದಿಲ್ಲ, ಎಣ್ಣೆ ಜಾರುತ್ತಿರುತ್ತದೆ. ಬ್ರೇಕ್ ಬಿಟ್ಟ ಕೂಡಲೇ ಆ ಎಣ್ಣೆಯ ತಳ್ಳಾಟಕ್ಕೆ ಗಾಡಿ ಹೊರಡುತ್ತದೆ. ಈ ಯೋಚನೆ ಹೊಸದೇನಲ್ಲ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲೇ ಹಡಗುಗಳಿಗೆಂದು ಇದರ ಪೇಟೆಂಟ್ ಪಡೆದಿದ್ದರು. ಎಣ್ಣೆಯ ಮೂಲಕ ಬಲ ಸಾಗಿಸುವ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ದೊಡ್ಡ ಸಂಖ್ಯೆಯಲ್ಲಿ ಜನರ ಕೈಗೆ ಬಂದಿದ್ದು 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ. ಜನರಲ್ ಮೋಟಾರ್ಸ್ ಅದಕ್ಕೆ ಹೈಡ್ರಾ-ಮ್ಯಾಟಿಕ್ ಅಂತ ಹೆಸರಿಟ್ಟಿತ್ತು.

ಈ ತಾನಾಗಿ ಹೋಗುವ ಗುಣವನ್ನು ನೀವು ನಿಮ್ಮ ಕ್ಲಚ್ ಅಂದುಕೊಳ್ಳಿ. ಮ್ಯಾನ್ಯುಯಲ್‌ನಲ್ಲಿ ಪಾರ್ಕ್ ಮಾಡುವಾಗ ಹಾಫ್ ಕ್ಲಚ್‌ನಲ್ಲಿ ಇಂಚು ಇಂಚಾಗಿ ಸರಿಸುತ್ತಿದ್ದಿರಿ ಅಲ್ವಾ? ಇಲ್ಲಿ ಅದೇ ಕೆಲಸವನ್ನು ಬ್ರೇಕ್ ಸಡಿಲಿಸಿ, ಮತ್ತೆ ಒತ್ತಿ ಮಾಡಬೇಕು. ಸಮತಟ್ಟು ಜಾಗದಲ್ಲಿ ಪಾರ್ಕಿಂಗ್ ಮುಗಿಯುವ ತನಕ ಆಕ್ಸಿಲರೇಟರ್ ಮುಟ್ಟುವ ಅಗತ್ಯವೇ ಇಲ್ಲ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆಟೋಮ್ಯಾಟಿಕ್ ಕಾರಿನಲ್ಲಿ ನನಗೆ ನಿಜವಾಗಿ ಹೆದರಿಕೆ ಆಗುವುದು ಈ ಒಂದು ವಿಷಯಕ್ಕೆ. ಒಬ್ಬರು ಹಿಂದೆ ತಿರುಗಿ ನೋಡುತ್ತಾ ರಿವರ್ಸ್ ತೆಗೆಯುತ್ತಿದ್ದಾರೆ. ಮೈ ತಿರುಗಿದಾಗ ಕಾಲೂ ಸ್ವಲ್ಪ ಜರುಗಿದೆ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತುತ್ತಾರೆ. ಗಾಡಿ ನಿಲ್ಲುವ ಬದಲು ನುಗ್ಗುತ್ತದೆ. ಬ್ರೇಕ್ ಸಾಲಲಿಲ್ಲ ಅಂತ ಇನ್ನೂ ಜೋರಾಗಿ ಒತ್ತುತ್ತಾರೆ. ಮ್ಯಾನ್ಯುಯಲ್ ಆಗಿದ್ದರೆ ಗಾಬರಿಗೆ ಎಡಗಾಲೂ ಕ್ಲಚ್ ತುಳಿಯುತ್ತಿತ್ತು, ಇಂಜಿನ್ ಬರೀ ಕೂಗುತ್ತಿತ್ತು. ಇಲ್ಲಿ ಆ ಎರಡನೆಯ ಅವಕಾಶ ಇಲ್ಲ. ಅದಕ್ಕೆ ಬಲಗಾಲಿನ ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದ ಮೇಲೆ ಊರಿ. ಆಕ್ಸಿಲರೇಟರ್ ಬೇಕಾದಾಗ ಹಿಮ್ಮಡಿ ಎತ್ತದೆ ಬೆರಳಿನ ಕಡೆ ಮಾತ್ರ ತಿರುಗಿಸಿ. ಕಾಲು ಮರಳಿ ಬರುವ ಮನೆ ಬ್ರೇಕೇ ಆಗಿರಬೇಕು. ದಪ್ಪ ಅಟ್ಟೆಯ, ಜಾರುವ ಚಪ್ಪಲಿ ಹಾಕಿಕೊಂಡು ಓಡಿಸಬೇಡಿ.

ಇನ್ನು, ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಅಂತ ತಿಳಿದುಕೊಳ್ಳಿ. ಹೊರಗೆ ಎಲ್ಲದರಲ್ಲೂ ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ ಅಂತಲೇ ಇರಬಹುದು (ಕೆಲವಕ್ಕೆ ಪಿ ಇರುವುದಿಲ್ಲ). ಒಳಗೆ ಬೇರೆ ಬೇರೆ. ಮೇಲೆ ಹೇಳಿದ ಟಾರ್ಕ್ ಕನ್ವರ್ಟರ್‌ನದ್ದು ಒಂದು ಬಗೆ.

ಎಎಂಟಿ (ಆಟೋಮೇಟೆಡ್ ಮ್ಯಾನ್ಯುಯಲ್) ಆಗಿದ್ದರೆ ನಿಮಗೆ ಬೇಗ ಒಗ್ಗುತ್ತದೆ. ಏಕೆಂದರೆ ಅದು ನಿಮ್ಮ ಹಳೇ ಗೇರ್‌ಬಾಕ್ಸೇ. ಕ್ಲಚ್ ಕೂಡ ಇದೆ. ಅದನ್ನು ನಿಮ್ಮ ಕಾಲಿನ ಬದಲು ಒಂದು ಯಂತ್ರ ಒತ್ತುತ್ತದೆ, ಅಷ್ಟೇ. ಗೇರ್ ಬದಲಾಗುವಾಗ ಗಾಡಿ ಒಂದು ಕ್ಷಣ ತಡೆದು ತಲೆ ಆಡಿಸಿದ ಹಾಗೆ ಆಗುತ್ತದೆ. ಆ ಕ್ಷಣ ಎಲ್ಲಿ ಬರುತ್ತದೆ ಅಂತ ಎರಡು ದಿನದಲ್ಲಿ ಗೊತ್ತಾಗುತ್ತದೆ. ಆಗ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ಜರ್ಕ್ ಬಹಳಷ್ಟು ಕಮ್ಮಿ ಆಗುತ್ತದೆ. ಮ್ಯಾನ್ಯುಯಲ್ ಗೊತ್ತಿದ್ದವರಿಗೆ ಇದು ಸಲೀಸು. ಏರಿನಲ್ಲಿ ನಿಂತಾಗ ಮಾತ್ರ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದಿಡಬೇಡಿ. ಅದು ಹಾಫ್ ಕ್ಲಚ್‌ನಲ್ಲಿ ನಿಂತ ಹಾಗೆಯೇ. ಕ್ಲಚ್ ಸುಟ್ಟ ವಾಸನೆ ಬಂದಾಗ ತಡವಾಗಿರುತ್ತದೆ. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿ.

ಡಿಸಿಟಿಯಲ್ಲಿ (ಡ್ಯುಯಲ್ ಕ್ಲಚ್) ಎರಡು ಕ್ಲಚ್ ಇರುತ್ತವೆ. ಒಂದು, ಮೂರು, ಐದನೇ ಗೇರ್‌ಗಳಿಗೆ ಒಂದು ಕ್ಲಚ್; ಎರಡು, ನಾಲ್ಕು, ಆರನೇ ಗೇರ್‌ಗಳಿಗೆ ಇನ್ನೊಂದು. ಮುಂದಿನ ಗೇರ್ ಮೊದಲೇ ತಯಾರಾಗಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮಾರಾಟದ ಕಾರುಗಳಲ್ಲಿ ಇದನ್ನು ಮೊದಲು ತಂದಿದ್ದು ಫೋಕ್ಸ್‌ವ್ಯಾಗನ್, 2003ರಲ್ಲಿ. ಇಲ್ಲೂ ಕ್ಲಚ್ ಇದೆ ಅನ್ನುವುದನ್ನು ಮರೆಯಬೇಡಿ. ಆಮೆ ವೇಗದ ಟ್ರಾಫಿಕ್ಕಿನಲ್ಲಿ ಒಂದೊಂದು ಅಡಿಗೂ ಸರಿಯುವ ಬದಲು, ಮುಂದೆ ಸ್ವಲ್ಪ ಜಾಗ ಬಿಟ್ಟು ಒಮ್ಮೆಗೇ ಹೋಗಿ.

ಸಿವಿಟಿ ಅನ್ನುವ ಬಗೆಯಲ್ಲಿ ಹಲ್ಲಿನ ಗೇರ್‌ಗಳ ಮೆಟ್ಟಿಲೇ ಇಲ್ಲ. ಎರಡು ರಾಟೆ, ನಡುವೆ ಒಂದು ಬೆಲ್ಟ್. ರಾಟೆಗಳು ಅಗಲ ಆಗುತ್ತಾ ಕಿರಿದಾಗುತ್ತಾ ಹೋಗುತ್ತವೆ. 1958ರಲ್ಲೇ ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ ಇಂಥ ಕಾರು ತೋರಿಸಿತ್ತು. ಇದನ್ನು ಜೋರಾಗಿ ಒತ್ತಿದರೆ ಮೊದಲು ಇಂಜಿನ್ ಸದ್ದು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಕ್ಲಚ್ ಜಾರುತ್ತಿದೆ ಅಂತ ನಿಮಗೆ ಅನ್ನಿಸಬಹುದು. ಕೆಟ್ಟಿಲ್ಲ, ಅದರ ರೀತಿಯೇ ಅದು. ಮೆತ್ತಗೆ ಒತ್ತಿದರೆ ಬಹಳ ಚೆನ್ನಾಗಿ ಓಡುತ್ತದೆ.

ಆಟೋಮ್ಯಾಟಿಕ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಮಾತು ಮೂರು ನಾಲ್ಕು ಗೇರಿನ ಹಳೇ ಆಟೋಮ್ಯಾಟಿಕ್‌ಗಳ ಕಾಲದ್ದು. ಈಗ ಎಂಟು, ಹತ್ತು ಗೇರ್ ಇರುವವೂ ಇವೆ. ವೇಗ ಹಿಡಿದ ಮೇಲೆ ಎಣ್ಣೆ ಜಾರದ ಹಾಗೆ ಟಾರ್ಕ್ ಕನ್ವರ್ಟರ್ ಬೀಗ ಹಾಕಿಕೊಳ್ಳುತ್ತದೆ. ವ್ಯತ್ಯಾಸ ಬಹಳ ಮಟ್ಟಿಗೆ ನಿಮ್ಮ ಬಲಗಾಲಿನಲ್ಲಿದೆ.

ಮ್ಯಾನ್ಯುಯಲ್‌ನಲ್ಲಿ ಕಲಿತ ಒಂದು ವಿಷಯವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಇಂಜಿನ್ನಿಂದಲೇ ಗಾಡಿಯನ್ನು ತಡೆಯುವುದು. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಅಂತ ಹಿರಿಯ ಡ್ರೈವರ್‌ಗಳು ಹೇಳುತ್ತಾರಲ್ಲ, ಅದು. ಆಟೋಮ್ಯಾಟಿಕ್‌ಗೆ ಬಂದ ಕೂಡಲೇ ಜನ ಇದನ್ನು ಮರೆಯುತ್ತಾರೆ. ಡಿಯಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕ್ ಒತ್ತುತ್ತಾ ಇಳಿಯುತ್ತಾರೆ. ಬ್ರೇಕ್ ಕಾದು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ ಲಿವರ್ ಹತ್ತಿರ ಎಲ್ ಅಂತಲೋ, 2 ಅಂತಲೋ, ಎಂ ಅಂತಲೋ ಇರುತ್ತದೆ, ಇಲ್ಲವೇ ಸ್ಟಿಯರಿಂಗ್ ಹಿಂದೆ ಎರಡು ಪುಟ್ಟ ಪಟ್ಟಿಗಳಿರುತ್ತವೆ. ಅದು ಇರುವುದೇ ಇದಕ್ಕೆ. ಇಳಿಯುವ ಮೊದಲೇ ಹಾಕಿ. ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಹೋಗುವುದಂತೂ ಬೇಡವೇ ಬೇಡ.

ನಿಲ್ಲಿಸುವಾಗಲೂ ಒಂದು ಕ್ರಮ ಇದೆ. ಪಿ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬರೀ ಪಿ ಹಾಕಿ ಕಾಲು ತೆಗೆದರೆ ಗಾಡಿಯ ಭಾರವೆಲ್ಲ ಆ ಕೊಕ್ಕೆಯ ಮೇಲೆ. ಮರುದಿನ ಲಿವರ್ ಎಳೆದಾಗ 'ಠಕ್' ಅನ್ನುವುದು ಅದಕ್ಕೇ. ಬ್ರೇಕ್ ಒತ್ತಿಯೇ ಎನ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲನ್ನು ಮೆಲ್ಲಗೆ ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ, ಆಮೇಲೆ ಪಿ. ಡಿಯಿಂದ ಆರ್‌ಗೆ ಹೋಗುವಾಗಲೂ ಗಾಡಿ ಪೂರ್ತಿ ನಿಂತಿರಬೇಕು. ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡುವ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ. ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆಸಲೂಬೇಡಿ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಹರಿಸುವ ಪಂಪು ಸಾಮಾನ್ಯವಾಗಿ ಇಂಜಿನ್ನಿಂದ ತಿರುಗುತ್ತದೆ. ಇಂಜಿನ್ ಆಫ್ ಇದ್ದು ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆ ಇಲ್ಲದೆ ತಿರುಗಿ ಸವೆಯುತ್ತವೆ. ಲಾರಿಯ ಮೇಲೆ ಏರಿಸಿ ಒಯ್ಯುವುದೇ ಸರಿ.

ಈಗ ನಿಮ್ಮ ಭಯಕ್ಕೆ ಬರೋಣ. ಒಂದು ಖಾಲಿ ಮೈದಾನ ಹುಡುಕಿ. ಪಕ್ಕದಲ್ಲಿ ಬೈಯದೆ ಕೂರುವ ಒಬ್ಬರನ್ನು ಕರೆದುಕೊಳ್ಳಿ. ಎಡಗಾಲು ಫುಟ್‌ರೆಸ್ಟ್ ಮೇಲೆ. ಆಕ್ಸಿಲರೇಟರ್ ಮುಟ್ಟದೆ ಬರೀ ಬ್ರೇಕ್ ಬಿಟ್ಟು ಹೊರಡಿ, ಒಂದು ಗುರುತಿನ ಹತ್ತಿರ ನಿಲ್ಲಿಸಿ. ಮತ್ತೆ ಹೊರಡಿ, ಮತ್ತೆ ನಿಲ್ಲಿಸಿ. ನಿಂತಿದ್ದೇ ಗೊತ್ತಾಗದಷ್ಟು ಮೆತ್ತಗೆ ನಿಲ್ಲುವ ತನಕ ಮಾಡಿ. ರಿವರ್ಸ್‌ನಲ್ಲೂ ಅಷ್ಟೇ ಸಲ. ಆಮೇಲೆ ರಸ್ತೆಗೆ ಬನ್ನಿ.

ಮ್ಯಾನ್ಯುಯಲ್ ಮರೆತುಹೋಗುತ್ತದೆ ಅನ್ನುವ ಚಿಂತೆ ಬೇಡ. ಆರು ತಿಂಗಳು ಬಿಟ್ಟು ಹಳೇ ಗಾಡಿ ಹತ್ತಿದಾಗ ಮೊದಲ ಸಿಗ್ನಲ್‌ನಲ್ಲಿ ಕ್ಲಚ್ ಒತ್ತುವುದು ಮರೆತು ಇಂಜಿನ್ ಕುಲುಕಿ ಆಫ್ ಆಗಬಹುದು. ಮತ್ತೆ ಸ್ಟಾರ್ಟ್ ಮಾಡಿ, ಒಂದನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ ಸದ್ದು ಕೊಂಚ ತಗ್ಗಿ, ಮೂತಿ ಒಂದು ಚೂರು ಎದ್ದ ಹಾಗೆ ಆಗುವ ಆ ಜಾಗ ಇದೆಯಲ್ಲ, ಎಡಗಾಲು ಅಲ್ಲಿ ತಾನಾಗಿಯೇ ನಿಲ್ಲುತ್ತದೆ.