ಮೇಷ್ಟ್ರ ಫೋನಿನ ಬ್ಯಾಕಪ್

ಶಿರಸಿಯಲ್ಲಿ ನನ್ನದು ಫೋನ್, ಕಂಪ್ಯೂಟರ್ ರಿಪೇರಿಯ ಕೆಲಸ. ಮಳೆಗಾಲ ಶುರುವಾದರೆ ನೀರು ಹೊಕ್ಕ ಫೋನುಗಳೇ ಜಾಸ್ತಿ. ತುಂಬ ಜನ ಚೀಟಿಯಲ್ಲಿ ಪಿನ್ ಬರೆದು, ರಬ್ಬರ್ ಬ್ಯಾಂಡ್ ಹಾಕಿ ಫೋನಿಗೇ ಸುತ್ತಿ ಕೊಟ್ಟು ಹೋಗುತ್ತಾರೆ. ಪಿನ್ ಅಂದರೆ ಹುಟ್ಟಿದ ವರ್ಷ. "ಡಿಸ್‌ಪ್ಲೇ ಬದಲಿಸೋಕೆ ಇದು ಬೇಡ, ಚೀಟಿ ವಾಪಸ್ ತಗೊಳ್ಳಿ" ಎಂದರೆ, "ನಿಮ್ಮ ಹತ್ರ ಎಂಥಾ ಗುಟ್ಟು!" ಎನ್ನುತ್ತಾರೆ. ಆ ನಂಬಿಕೆಗೆ ನಾನು ಋಣಿ. ಆದರೂ ಚೀಟಿ ಇಟ್ಟುಕೊಳ್ಳುವುದಿಲ್ಲ.

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಚಾರ್ಜಿಂಗ್ ಜಾಕ್ ಸಡಿಲವಾಗಿತ್ತು. ಕೆಲಸ ಮುಗಿಯುವ ಹೊತ್ತಿಗೆ ಮೆಲ್ಲಗೆ ಕೇಳಿದರು: "ವಾಟ್ಸಾಪಿನಲ್ಲಿ ಬರೆದದ್ದೆಲ್ಲ ಸರ್ಕಾರ ಓದ್ತದಂತೆ, ಹೌದೇನೋ ತಮ್ಮಾ?"

ಹೌದು, ಅಲ್ಲ ಎಂದು ಒಂದೇ ಮಾತಲ್ಲಿ ಮುಗಿಯುವ ಪ್ರಶ್ನೆ ಇದಲ್ಲ. ಅವರ ಫೋನಿನಲ್ಲೇ ತೋರಿಸಿದೆ. ಬೆಂಗಳೂರಿನಲ್ಲಿರುವ ಮಗಳ ಹೆಸರು ಒತ್ತಿ 'ಎನ್‌ಕ್ರಿಪ್ಷನ್' (ಬೇರೆಯವರು ಓದಲಾಗದಂತೆ ಸಂದೇಶಕ್ಕೆ ಹಾಕುವ ಬೀಗ) ಎಂಬಲ್ಲಿಗೆ ಹೋದರೆ 60 ಅಂಕಿ ಕಾಣುತ್ತವೆ, ಐದೈದರ 12 ಗುಂಪು. ನನ್ನ ಫೋನಿನಿಂದ ಮಗಳಿಗೆ ಕರೆ ಮಾಡಿ, ಅವಳ ಕಡೆಯೂ ಅದನ್ನೇ ತೆಗೆಯಲು ಹೇಳಿದೆವು. ಮೇಷ್ಟ್ರು ಮಗ್ಗಿ ಹೇಳಿಕೊಡುವ ಹಾಗೆ ಒಂದೊಂದೇ ಗುಂಪು ಓದಿದರು. ಆ ಕಡೆಯಿಂದ ಮಗಳು "ಹ್ಞೂಂ, ಮುಂದೆ" ಎನ್ನುತ್ತಾ ಬಂದಳು. ಹನ್ನೆರಡೂ ಸರಿಹೋದವು. ಅಂದರೆ ಅಪ್ಪ ಮಗಳ ನಡುವೆ ಮೂರನೆಯವರು ಕೂತಿಲ್ಲ. ಬೀಗದ ಕೈ ಇರುವುದು ಆ ಎರಡು ಫೋನಿನೊಳಗೆ ಮಾತ್ರ. ದಾರಿಯಲ್ಲಿ ಯಾರು ಹಿಡಿದು ನೋಡಿದರೂ, ಅದು ಸರ್ಕಾರವಿರಲಿ, ಕಂಪನಿಯೇ ಇರಲಿ, ಓದಲು ಏನೂ ಸಿಗದು. ವಾಟ್ಸಾಪಿನಲ್ಲಿ 2016ರಿಂದ ಎಲ್ಲರಿಗೂ ಹೀಗೇ. ಟೆಲಿಗ್ರಾಂ ಆಪಿನ ಸಂದೇಶಗಳಿಗೆ 'ಸೀಕ್ರೆಟ್ ಚಾಟ್' ಶುರು ಮಾಡಿದರೆ ಮಾತ್ರ ಈ ಬೀಗ. ಮಾಮೂಲಿ ಕರೆ, ಎಸ್ಸೆಮ್ಮೆಸ್‌ಗೆ ಇಲ್ಲವೇ ಇಲ್ಲ.

ಮೇಷ್ಟ್ರ ಮುಖ ಅರಳಿತು. ಆಮೇಲೆ 'ಚಾಟ್ ಬ್ಯಾಕಪ್' ತೆರೆದೆ. ದಿನಾ ರಾತ್ರಿ ಎಲ್ಲ ಸಂದೇಶಗಳ ನಕಲು ಗೂಗಲ್ ಖಾತೆಗೆ ಹೋಗುತ್ತಿತ್ತು. ಕೆಳಗೆ 'ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್' ಎಂಬಲ್ಲಿ 'ಆಫ್' ಎಂದಿತ್ತು. ನನ್ನ ಕೈಗೆ ಬರುವ ಫೋನುಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಈ ಸೌಲಭ್ಯ 2021ರಲ್ಲೇ ಬಂದಿದೆ, ಆದರೆ ನಾವೇ ಆನ್ ಮಾಡಿಕೊಳ್ಳಬೇಕು. ಮಾಡದಿದ್ದರೆ ಸಂದೇಶ ಹೋಗುವಾಗ ಬೀಗ ಇರುತ್ತದೆ, ಅದರ ನಕಲಿಗೆ ಅದೇ ಬೀಗ ಇರುವುದಿಲ್ಲ. ಆಗ ನಿಮ್ಮ ಮಾತು ಓದಲು ನಿಮ್ಮ ಫೋನೇ ಬೇಕಿಲ್ಲ. ನಕಲು ಇಟ್ಟುಕೊಂಡವರಿಗೆ ಆದೇಶ ಹೋದರೆ ಸಾಕು.

ಆದೇಶ ಕೊಡುವ ಅಧಿಕಾರ ಕಾನೂನಿನಲ್ಲೇ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಓದಿ ನೋಡಿ. ದೇಶದ ಭದ್ರತೆ, ಅಪರಾಧದ ತನಿಖೆ ಮುಂತಾದ ಕಾರಣಕ್ಕೆ ಯಾವ ಕಂಪ್ಯೂಟರಿನ ಮಾಹಿತಿಯನ್ನಾದರೂ ನೋಡಬಹುದು, ಬೀಗ ತೆಗೆದುಕೊಡಿ ಎನ್ನಬಹುದು. ಸಹಕರಿಸದವರಿಗೆ 7 ವರ್ಷದವರೆಗೆ ಜೈಲು. 2018ರ ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಕೆಲಸಕ್ಕೆ 10 ಸಂಸ್ಥೆಗಳನ್ನು ಹೆಸರಿಸಿತು. ಒಪ್ಪಿಗೆ ಕೊಡುವವರು ಗೃಹ ಕಾರ್ಯದರ್ಶಿ. ಆಮೇಲೆ ಪರಿಶೀಲಿಸುವ ಸಮಿತಿಯಲ್ಲೂ ಅಧಿಕಾರಿಗಳೇ. ನ್ಯಾಯಾಧೀಶರ ಸಹಿ ಎಲ್ಲೂ ಬೇಕಿಲ್ಲ. ನನಗೆ ಕಳವಳ ಇರುವುದು ಇಲ್ಲಿಯೇ. ಕಳ್ಳರನ್ನು ಹಿಡಿಯಲಿ, ಬೇಡ ಎನ್ನುವವರು ಯಾರು? ಆದರೆ ಕೇಳುವವರೂ ಒಪ್ಪುವವರೂ ಒಂದೇ ಕಡೆಯವರಾದರೆ ತಪ್ಪಾದಾಗ ತಡೆಯುವವರು ಬೇಕಲ್ಲ?

"ನಂದೇನಿದೆ ಮುಚ್ಚಿಡೋಕೆ" ಎಂಬ ಮಾತು ದಿನಾ ಕೇಳುತ್ತೇನೆ. ನಮ್ಮ ಮನೆಗಳ ಜಗಲಿಗೆ ಯಾರು ಬೇಕಾದರೂ ಬರಬಹುದು, ಕವಳದ (ಎಲೆ-ಅಡಿಕೆಯ) ಬಟ್ಟಲು ಮುಂದಿಟ್ಟು ಮಾತಾಡಿಸುತ್ತೇವೆ. ಒಳಗೆ ಬರಲು ಮಾತ್ರ ಕರೆಯಬೇಕು. ಒಳಗೆ ಕಳ್ಳಮಾಲು ಇದೆ ಅಂತಲ್ಲವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನನಗೆ ಅದೊಂದು ಹೆಮ್ಮೆ.

ಆಪಿಗೆ ಬೀಗ ಇರಲಿ, ಸರ್ಕಾರಕ್ಕೆ ಮಾತ್ರ ಒಂದು ಹಿತ್ತಿಲ ಬಾಗಿಲು ಇಟ್ಟರಾಯಿತು ಎನ್ನುವವರಿದ್ದಾರೆ. ಅಮೆರಿಕದಲ್ಲಿ ಪೊಲೀಸರು ಕರೆ ಕೇಳಲೆಂದೇ ಟೆಲಿಕಾಂ ಕಂಪನಿಗಳು ಒಂದು ವ್ಯವಸ್ಥೆ ಇಟ್ಟಿದ್ದವು. ಚೀನಾದ ಹ್ಯಾಕರುಗಳು ಅದರೊಳಗೇ ನುಗ್ಗಿದ್ದು 2024ರಲ್ಲಿ ಬಯಲಾಯಿತು. ಕೊನೆಗೆ ಅಲ್ಲಿನ ಅಧಿಕಾರಿಗಳೇ "ಎನ್‌ಕ್ರಿಪ್ಷನ್ ಇರುವ ಆಪ್ ಬಳಸಿ" ಎಂದು ಜನರಿಗೆ ಹೇಳಬೇಕಾಯಿತು.

ಎಲ್ಲ ಬೀಗ ಹಾಕಿದ ಮೇಲೂ ಒಂದು ಉಳಿಯುತ್ತದೆ: ಯಾರು, ಯಾರಿಗೆ, ಯಾವಾಗ. ಕರೆಗಳ ಈ ವಿವರವನ್ನು ಟೆಲಿಕಾಂ ಕಂಪನಿಗಳು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಒಬ್ಬ ಹೆಣ್ಣುಮಗಳು ರಾತ್ರಿ ಆಸ್ಪತ್ರೆಗೆ, ಬೆಳಿಗ್ಗೆ ತವರಿಗೆ, ಮಧ್ಯಾಹ್ನ ವಕೀಲರಿಗೆ ಕರೆ ಮಾಡಿದ್ದರೆ, ಆಡಿದ ಮಾತು ಕೇಳದೆಯೂ ಕತೆ ತಿಳಿಯುತ್ತದೆ. ಈ ವಿಚಾರದಲ್ಲಿ ನನಗೆ ವಾಟ್ಸಾಪಿನ ಹಾಗೇ ಸಂದೇಶ ಕಳಿಸುವ ಸಿಗ್ನಲ್ ಆಪ್ ಇಷ್ಟ. 2016ರಲ್ಲಿ ಅಮೆರಿಕದಲ್ಲಿ ಅವರಿಗೆ ಸಮನ್ಸ್ ಬಂದಾಗ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದದ್ದು ಯಾವಾಗ, ಕೊನೆಗೆ ಸರ್ವರ್ ಮುಟ್ಟಿದ್ದು ಯಾವಾಗ. ಕೂಡಿಡದೇ ಇದ್ದದ್ದನ್ನು ಕೊಡುವುದು ಹೇಗೆ?

ಮೇಷ್ಟ್ರ ಬ್ಯಾಕಪ್ಪಿಗೆ ಪಾಸ್‌ವರ್ಡ್ ಇಡಿಸಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದ, ಅವರೇ ಯೋಚಿಸಿದ್ದು. ಅವರು ಟೈಪ್ ಮಾಡುವಾಗ ನಾನು ಆಚೆ ತಿರುಗಿದ್ದೆ. ಫೋನೂ ಕಳೆದು ಪಾಸ್‌ವರ್ಡೂ ಮರೆತರೆ ಹಳೆಯ ಸಂದೇಶ ಯಾರಿಂದಲೂ ತೆಗೆಯಲಾಗದು ಎಂದು ಎರಡು ಸಲ ಹೇಳಿದೆ. ಮನೆಯಲ್ಲಿ ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಡುತ್ತೇನೆ ಎಂದರು. ಮನೆಯ ಕಪಾಟಿನಲ್ಲಿದ್ದರೆ ತೊಂದರೆಯಿಲ್ಲ.

ಹೊರಡಲು ಎದ್ದವರು ಮತ್ತೆ ಕೂತರು. "ಹಾಗಾದ್ರೆ ಮಗಳ ಫೋನಿನಲ್ಲೂ ಇದೇ ಮಾತಿನ ನಕಲು ಇದ್ದೀತಲ್ಲೋ?"

ಇದ್ದೇ ಇರುತ್ತದೆ ಎಂದೆ. ಚೌತಿಗೆ ಅವಳು ಬಂದಾಗ ಅದನ್ನೂ ತರುತ್ತಾರಂತೆ.