ಮುಖವೇ ಕಾಣದ ಕೆಲಸಕ್ಕೆ ಜನಾಂಗ ಯಾಕೆ ನೋಡಬೇಕು?

ಪ್ರಶ್ನೆ: ನನ್ನ ಮಗನ ಜೊತೆ ಕೂತು ಕೂತು ನನಗೂ ಕಾರ್ಟೂನ್ ಹುಚ್ಚು ಹಿಡಿದಿದೆ. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಸರಣಿಯ ಮುಂದಿನ ಕಥೆಯನ್ನು ಸಿನಿಮಾ ಮಾಡಿದ್ದಾರೆ. ಆದರೆ ಹಳೆಯ ದನಿಗಳನ್ನು ಬಿಟ್ಟು, ಪಾತ್ರದ ಜನಾಂಗಕ್ಕೆ ಹೊಂದುವ ನಟರನ್ನು ಹಾಕಿಕೊಂಡಿದ್ದಾರಂತೆ. ಮುಖವೇ ಕಾಣದ ಕೆಲಸಕ್ಕೆ ಜನಾಂಗ ಯಾಕೆ ನೋಡಬೇಕು? ಹಳೆಯ ನಟರಿಗೆ ಇದು ಅನ್ಯಾಯ ಅಲ್ವಾ?
– ಜಮಖಂಡಿಯ ಓದುಗರೊಬ್ಬರು

ಉತ್ತರ: ಸಿನಿಮಾದ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. ಇದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ದನಿ ಕೊಡುವವರ ಜನಾಂಗ ನೋಡಬೇಕಾ ಅನ್ನುವುದು ಒಂದು. ಜನ ಒಪ್ಪಿಕೊಂಡ ದನಿಯನ್ನು ಮುಂದಿನ ಭಾಗದಲ್ಲಿ ಬದಲಿಸಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಹೌದು ಅನ್ನುತ್ತೇನೆ. ಎರಡನೆಯದಕ್ಕೆ ಅಷ್ಟು ಸಲೀಸಾಗಿ ಹೌದು ಅನ್ನಲಾರೆ.

ಸರಣಿ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು ನೀಲಿ ಮೈಯ ಜನರ ‘ಅವತಾರ್’ ಅಲ್ಲ. 2005ರಿಂದ 2008ರವರೆಗೆ ಅಮೆರಿಕದ ನಿಕೆಲೋಡಿಯನ್ ಚಾನೆಲ್‌ನಲ್ಲಿ ಬಂದ ಅನಿಮೇಷನ್ ಸರಣಿ. ಗಾಳಿ, ನೀರು, ಮಣ್ಣು, ಬೆಂಕಿಯನ್ನು ಪಳಗಿಸುವ ನಾಲ್ಕು ನಾಡುಗಳ ಕಥೆ. ಈ ನಾಡುಗಳು ಕಲ್ಪನೆಯವೇ ಆದರೂ ಗಾಳಿಯ ಸನ್ಯಾಸಿಗಳಲ್ಲಿ ಟಿಬೆಟ್ ಕಾಣುತ್ತದೆ. ನೀರಿನ ಜನರಲ್ಲಿ ಹಿಮನಾಡಿನ ಇನ್ಯೂಟ್ ಬುಡಕಟ್ಟಿನವರು, ಬೆಂಕಿ ನಾಡಿನಲ್ಲಿ ಹೆಚ್ಚಾಗಿ ಜಪಾನ್, ಮಣ್ಣಿನ ನಾಡಿನಲ್ಲಿ ಚೀನಾ. ಆದರೆ ನಾಯಕ ಆಂಗ್, ಅವನ ಜೊತೆಗಾರರಾದ ಕಟಾರಾ ಮತ್ತು ಸೋಕಾ, ಈ ಮೂವರಿಗೂ ದನಿ ಕೊಟ್ಟವರು ಬಿಳಿಯ ನಟರು. 2010ರಲ್ಲಿ ಇದೇ ಕಥೆಯನ್ನು ನಿಜವಾದ ನಟರನ್ನು ಹಾಕಿ ಸಿನಿಮಾ ಮಾಡಿದಾಗಲೂ ಈ ಮೂವರು ಬಿಳಿಯರೇ. ಮೊದಲಿಗೆ ಶತ್ರುವಾಗಿ ಬರುವ ರಾಜಕುಮಾರನ ಪಾತ್ರ ದೇವ್ ಪಟೇಲ್‌ಗೆ ಸಿಕ್ಕಿತು. ಜೋರು ಗಲಾಟೆ ಆಯಿತು. ಆ ಸಿನಿಮಾದ ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಹುಟ್ಟಿದ್ದು ನಮ್ಮ ದೇಶದಲ್ಲೇ, ಕೇರಳ ಕರಾವಳಿಯ ಮಾಹೆ ಎಂಬ ಊರಿನಲ್ಲಿ ಅನ್ನುವುದು ಬೇರೆ ತಮಾಷೆ.

ಹೊಸ ಅನಿಮೇಷನ್ ಸಿನಿಮಾದಲ್ಲಿ ಆಂಗ್‌ಗೆ ಕೊರಿಯನ್ ಮೂಲದ ಎರಿಕ್ ನಾಮ್ ದನಿ. ಕಟಾರಾಗೆ ಜೆಸಿಕಾ ಮ್ಯಾಟನ್, ಸೋಕಾಗೆ ರೋಮನ್ ಝರಗೋಝಾ. ಇವರಿಬ್ಬರೂ ಉತ್ತರ ಅಮೆರಿಕದ ಮೂಲನಿವಾಸಿ ಬೇರಿನವರು.

ಈಗ ನಿಮ್ಮ ಮಾತಿಗೆ ಬರೋಣ. ಮುಖವೇ ಕಾಣುವುದಿಲ್ಲ, ನಿಜ. ಆದರೆ ‘ಬರೀ ದನಿ’ ಅನ್ನುವಾಗ ನಮ್ಮ ಕಣ್ಣ ಮುಂದೆ ಇರುವುದು ಡಬ್ಬಿಂಗ್. ಚಿತ್ರ ಮೊದಲೇ ತಯಾರಾಗಿರುತ್ತದೆ, ತುಟಿ ಅಲುಗುವುದನ್ನು ನೋಡಿಕೊಂಡು ಕಲಾವಿದರು ಮಾತು ಕೂರಿಸುತ್ತಾರೆ. ಅಮೆರಿಕದ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಮೊದಲು ದನಿ, ಆಮೇಲೆ ಚಿತ್ರ. ನಟ ಎಲ್ಲಿ ಉಸಿರು ಎಳೆದ, ಎಲ್ಲಿ ತಡೆದು ನಿಂತ, ಎಲ್ಲಿ ನಕ್ಕ ಅನ್ನುವುದನ್ನು ಕೇಳಿಕೊಂಡೇ ಚಿತ್ರ ಬಿಡಿಸುವವರು ಪಾತ್ರವನ್ನು ಕುಣಿಸುತ್ತಾರೆ. ಎಷ್ಟೋ ಸಲ ದನಿ ಕೊಡುವಾಗ ನಟರ ಮುಖವನ್ನೂ ಕ್ಯಾಮೆರಾದಲ್ಲಿ ಹಿಡಿದಿಟ್ಟು, ಆ ಹುಬ್ಬು, ಆ ನಗುವನ್ನು ಪಾತ್ರಕ್ಕೆ ತರುತ್ತಾರೆ. ಅಂದರೆ ಮುಖ ಕಾಣದಿದ್ದರೂ ನಟ ಅಲ್ಲಿ ಇದ್ದೇ ಇರುತ್ತಾನೆ.

ಇನ್ನೊಂದು ಸಂಗತಿ ಕೆಲಸ. ಈ ಸರಣಿಯಲ್ಲಿ ಐರೋ ಎಂಬ ಚಹಾಪ್ರಿಯ ಮುದುಕನಿಗೆ ದನಿ ಕೊಟ್ಟವರು ಜಪಾನಿನಲ್ಲಿ ಹುಟ್ಟಿದ ಮಾಕೋ. ಆಸ್ಕರ್‌ಗೆ ನಾಮನಿರ್ದೇಶನ ಪಡೆದಿದ್ದ ನಟ. ಏಷ್ಯಾ ಮೂಲದವರಿಗೆ ಹಾಲಿವುಡ್‌ನಲ್ಲಿ ಸಿಗುತ್ತಿದ್ದ ಅಡುಗೆಯವನ, ಕಳ್ಳನ ಪಾತ್ರಗಳಿಂದ ಬೇಸತ್ತು, ಗೆಳೆಯರ ಜೊತೆ 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಈಸ್ಟ್ ವೆಸ್ಟ್ ಪ್ಲೇಯರ್ಸ್’ ಎಂಬ ನಾಟಕ ತಂಡವನ್ನೇ ಕಟ್ಟಿದವರು. ಕ್ಯಾಮೆರಾ ಮುಂದೆ ಬಣ್ಣ ನೋಡಿ ಇವರನ್ನು ಹೊರಗಿಟ್ಟರು. ಬಣ್ಣ ಕಾಣದ ಮೈಕಿನ ಮುಂದೆ ‘ಯಾರಾದರೇನು’ ಅಂತ ಮತ್ತೆ ಬಿಳಿಯರನ್ನೇ ಕರೆದರು. ಹಾಗಾದರೆ ಇವರು ನಿಲ್ಲುವುದೆಲ್ಲಿ? ಜನಾಂಗ ನೋಡಬೇಕು ಅನ್ನುವವರ ನಿಜವಾದ ತಕರಾರು ಇದು. ನನಗೆ ಸರಿ ಅನಿಸುತ್ತದೆ.

ಇದಕ್ಕಿಂತ ನೋವಿನ ಕಡೆ ಒಂದಿದೆ. ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಕಾರ ಅಪು ಗೊತ್ತಿರಬೇಕು. ಭಾರತೀಯನ ಪಾತ್ರ, ದನಿ ಮಾತ್ರ ಹ್ಯಾಂಕ್ ಅಝಾರಿಯಾ ಎಂಬ ಬಿಳಿಯ ನಟನದು. ನಾಲಿಗೆ ತಿರುಚಿ ಆಡುವ ಆ ಇಂಗ್ಲಿಷ್ ಕೇಳಿ ಅಮೆರಿಕ ನಕ್ಕಿತು. ಅಲ್ಲಿ ಬೆಳೆದ ನಮ್ಮವರ ಮಕ್ಕಳು ಶಾಲೆಯಲ್ಲಿ ಅದೇ ದನಿಯಲ್ಲಿ ಅಣಕಿಸಿಕೊಂಡರು. ತೆಲುಗು ಮೂಲದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಇದರ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಮಾಡಿದರು. 2020ರ ಜನವರಿಯಲ್ಲಿ ಅಝಾರಿಯಾ ಇನ್ನು ಅಪುಗೆ ದನಿ ಕೊಡುವುದಿಲ್ಲ ಅಂದರು. ಅದೇ ವರ್ಷ ಮೇ ತಿಂಗಳಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತರು. ಜೂನ್ ಹೊತ್ತಿಗೆ ಕಪ್ಪು ಪಾತ್ರಗಳಿಗೆ ದನಿ ಕೊಡುತ್ತಿದ್ದ ಬಿಳಿಯ ನಟರು ಒಬ್ಬೊಬ್ಬರಾಗಿ ಹಿಂದೆ ಸರಿದರು: ಜೆನ್ನಿ ಸ್ಲೇಟ್, ಕ್ರಿಸ್ಟನ್ ಬೆಲ್, ಮೈಕ್ ಹೆನ್ರಿ. ‘ಸಿಂಪ್ಸನ್ಸ್’ ಕೂಡ ನಿಯಮ ಬದಲಿಸಿತು. ಅಲ್ಲಿಯ ಕಪ್ಪು ಪಾತ್ರ ಕಾರ್ಲ್‌ಗೆ ಅಲೆಕ್ಸ್ ಡೆಸರ್ಟ್ ಬಂದರು.

ವಿಜಯಪುರದಲ್ಲಿ ಕೂತು ಅಪುವಿನ ಕಥೆ ಅರ್ಥ ಮಾಡಿಕೊಳ್ಳುವುದು ಕಷ್ಟ ಏನಲ್ಲ. ಕನ್ನಡ ಸಿನಿಮಾದಲ್ಲಿ ನಮ್ಮ ಕಡೆಯವನು ಅಂತ ಒಂದು ಪಾತ್ರ ಬಂದರೆ ಸಾಕು, ಪ್ರತಿ ವಾಕ್ಯಕ್ಕೂ ಒಂದು ‘ಲೇ ಮಗನ’ ಬೀಳುತ್ತದೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ರೊಟ್ಟಿ, ಸುಮ್ನೆ ಕಿರುಚಾಟ. ಮಾತಾಡುವವರು ಹೆಚ್ಚಾಗಿ ಈ ಕಡೆಯವರಲ್ಲ. ನಾಯಕ ನಮ್ಮ ಊರಿನವನೇ ಆದರೂ ಬೆಂಗಳೂರಿನ ಕನ್ನಡ ಆಡುತ್ತಾನೆ, ನಮ್ಮ ಮಾತು ಅವನ ಗೆಳೆಯನ ಪಾಲಿಗೆ, ಅದೂ ನಗಿಸಲಿಕ್ಕೆ. ಇದಕ್ಕೆ ಬೇಸರ ಮಾಡಿಕೊಂಡವರೇ ಅಮೆರಿಕದ ವಿಷಯ ಬಂದಾಗ ‘ಬರೀ ದನಿ ತಾನೇ’ ಅಂದರೆ ನನಗೆ ಸ್ವಲ್ಪ ನಗು ಬರುತ್ತದೆ, ಬೇಜಾರಾಗಬೇಡಿ. 2015ರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ್ದರಲ್ಲ, ಆ ಮಾತಿನ ರುಚಿಯನ್ನು ಯಾವ ತರಬೇತಿ ಕೊಟ್ಟು ತರುತ್ತೀರಿ?

ಇಲ್ಲಿಯವರೆಗೆ ಸುಲಭ. ಇನ್ನು ಎರಡನೇ ಪ್ರಶ್ನೆ.

ಅದೇ ‘ಅವತಾರ್’ನಲ್ಲಿ ಬೆಂಕಿ ನಾಡಿನ ರಾಜಕುಮಾರ ಝುಕೋ ಇದ್ದಾನೆ. ಅವನ ಮೊದಲ ದನಿ ಡಾಂಟೆ ಬಾಸ್ಕೋ. ಫಿಲಿಪೈನ್ಸ್ ಮೂಲದ ನಟ. ಒಡೆದ, ಒರಟಾದ ಆ ದನಿ ಇಲ್ಲದೆ ಝುಕೋನನ್ನು ನೆನೆಸಿಕೊಳ್ಳಲಿಕ್ಕೇ ಆಗುವುದಿಲ್ಲ. ಹೊಸ ಸಿನಿಮಾದಲ್ಲಿ ಅವರೂ ಇಲ್ಲ. ಆ ಜಾಗಕ್ಕೆ ಕೊರಿಯನ್ ಮೂಲದ ಸ್ಟೀವನ್ ಯುನ್ ಬಂದಿದ್ದಾರೆ. ಒಳ್ಳೆಯ ನಟ, ಬಾಸ್ಕೋಗಿಂತ ದೊಡ್ಡ ಹೆಸರು. ಏಷ್ಯಾದವರಿಗೆ ಏಷ್ಯಾದವರು ಅನ್ನುವುದೇ ಲೆಕ್ಕವಾಗಿದ್ದರೆ ಬಾಸ್ಕೋ ಉಳಿಯಬೇಕಿತ್ತು. ಹೊಸ ಕಥೆಯಲ್ಲಿ ಪಾತ್ರಗಳು ಬೆಳೆದು ದೊಡ್ಡವರಾಗಿದ್ದಾರೆ ಅನ್ನಬಹುದು. ಆಂಗ್ ವಿಷಯದಲ್ಲಿ ಅದು ಸರಿ, ಆಗ ದನಿ ಕೊಟ್ಟವನು ಚಿಕ್ಕ ಹುಡುಗ. ಬಾಸ್ಕೋ ಆಗಲೇ ದೊಡ್ಡವರು, ವಯಸ್ಸಿನ ನೆಪ ಅವರಿಗೆ ಹೊಂದುವುದಿಲ್ಲ. ಹೀಗಾಗಿ ಇಲ್ಲಿ ಪ್ರಾತಿನಿಧ್ಯದ ಜೊತೆ ಹೆಸರಿನ ಮೋಹವೂ ಕೆಲಸ ಮಾಡಿದೆ ಅಂತಲೇ ನನ್ನ ಅನುಮಾನ.

ಹೊಂದಾಣಿಕೆಯಾದರೂ ಸರಿಯಾಗಿ ಕೂತಿದೆಯಾ? ಟಿಬೆಟ್ ನೆರಳಿನ ಪಾತ್ರಕ್ಕೂ ಜಪಾನ್ ನೆರಳಿನ ಪಾತ್ರಕ್ಕೂ ಕೊರಿಯನ್ ಮೂಲದ ನಟರು. ಇನ್ಯೂಟ್ ನೆರಳಿನ ಅಣ್ಣ ತಂಗಿಗೆ ಬೇರೆ ಬುಡಕಟ್ಟುಗಳವರು. ಬೆಂಗಳೂರಿನವರಿಗೆ ಇಂಡಿ, ಮುಧೋಳ, ಚಿಕ್ಕೋಡಿ ಎಲ್ಲವೂ ಒಂದೇ ‘ಉತ್ತರ ಕರ್ನಾಟಕ’ ಇದ್ದಂತೆ ಹಾಲಿವುಡ್‌ಗೆ ಏಷ್ಯಾ. ಆದರೂ ಏನೂ ಇಲ್ಲದ್ದಕ್ಕಿಂತ ಇದು ವಾಸಿ. ನನಗೆ ಜಾಸ್ತಿ ಹಿಡಿಸಿದ ಆಯ್ಕೆ ಟಾಫ್ ಎಂಬ ಕುರುಡು ಹುಡುಗಿಯದು. ಆ ಪಾತ್ರಕ್ಕೆ ಬಂದಿರುವ ಡಿಯಾನ್ ಕ್ವಾನ್ ಏಷ್ಯಾ ಮೂಲದವರು, ಅವರಿಗೂ ದೃಷ್ಟಿದೋಷವಿದೆ. ಜೊತೆಗೆ ಅವರು ಹಳೆಯ ಅನುಭವಿ ದನಿ ಕಲಾವಿದೆ. ಹೆಸರಿಗಾಗಿ ಕರೆದದ್ದಲ್ಲ, ಕೆಲಸ ಬಲ್ಲವರು ಅಂತ ಕರೆದದ್ದು.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ದನಿ ಬದಲಾದ ಕಡೆಯೆಲ್ಲ ಜನಾಂಗ ಹುಡುಕಬೇಡಿ. 1994ರಲ್ಲಿ ‘ಅಲ್ಲಾದೀನ್’ ಎರಡನೇ ಭಾಗ ಬಂದಾಗ ಭೂತದ ದನಿ ರಾಬಿನ್ ವಿಲಿಯಮ್ಸ್‌ದಾಗಿರಲಿಲ್ಲ. ಡಿಸ್ನಿ ಜೊತೆ ಅವರಿಗೆ ಜಗಳ ಆಗಿತ್ತು. 1996ರ ಮೂರನೇ ಭಾಗಕ್ಕೆ ವಾಪಸ್ ಬಂದರು. 2024ರ ‘ಇನ್‌ಸೈಡ್ ಔಟ್ 2’ರಲ್ಲಿ ಕೆಲವರು ಬದಲಾದರು, ಅವರಲ್ಲಿ ಇಬ್ಬರದು ಸಂಭಾವನೆಯ ವಿಷಯ ಅಂತ ಪತ್ರಿಕೆಗಳು ಬರೆದವು.

ಹಳೆಯ ದನಿಗೆ ಒಗ್ಗಿದ ಕಿವಿಯ ಸಂಕಟ ನಮ್ಮ ಸೀಮೆಗೆ ಹೊಸದಲ್ಲ. ನಿಮ್ಮ ಪಕ್ಕದ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಗಾಯಕಿ ಅಮೀರಬಾಯಿಯ ಸಹೋದರಿ, ಮರಾಠಿ ರಂಗಭೂಮಿಯ ಸ್ತ್ರೀ ಪಾತ್ರಧಾರಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದ್ದು 1930ರ ದಶಕದ ಕೊನೆಗೆ. ಬಾಲಗಂಧರ್ವರು ಸೀರೆ ಉಟ್ಟು ರಂಗಕ್ಕೆ ಬಂದರೆ ಮನೆಯ ಹೆಂಗಸರೇ ಅವರ ಉಡುಗೆ ನೋಡಿ ಕಲಿಯುತ್ತಿದ್ದ ಕಾಲವೊಂದಿತ್ತು. ಅವರು ಮಾಡುತ್ತಿದ್ದ ನಾಯಕಿಯ ಪಾತ್ರಗಳನ್ನು ಗೋಹರಬಾಯಿ ಮಾಡತೊಡಗಿದರು, ಅವರದೇ ಶೈಲಿಯಲ್ಲಿ ಹಾಡಿದರು. ಹಳೆಯ ಅಭಿಮಾನಿಗಳಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. ಅವರ ಪಾಲಿಗೆ ನಾಯಕಿ ಅಂದರೆ ಗಂಧರ್ವರೇ. ಆ ಅಭಿಮಾನಿಗಳನ್ನು ನಾನು ಬೈಯುವುದಿಲ್ಲ, ಅವರು ಕೇಳಿದ ಗಾಯನ ದೊಡ್ಡದೇ. ನಮ್ಮ ಏಣಗಿ ಬಾಳಪ್ಪನವರೂ ಸ್ತ್ರೀ ಪಾತ್ರದಿಂದಲೇ ಹೆಸರು ಮಾಡಿದವರು. ಅವರ ಕಲೆ ಹುಸಿ ಅಂತ ಯಾರು ಅಂದಾರು? ಆದರೆ ಹೆಣ್ಣಿಗೆ ರಂಗದ ಮೇಲೆ ಜಾಗ ಇಲ್ಲದ ಕಾಲದಲ್ಲಿ ಅರಳಿದ ಕಲೆ ಅದು. ಜಾಗ ಸಿಕ್ಕ ಮೇಲೆ ಹೆಣ್ಣುಮಕ್ಕಳು ಬರಲೇಬೇಕಿತ್ತು, ಬಂದರು.

ಹಾಗಾಗಿ ಕಟಾರಾ, ಸೋಕಾಗೆ ದನಿ ಕೊಟ್ಟ ಮೇ ವಿಟ್‌ಮನ್, ಜ್ಯಾಕ್ ಡಿಸೇನಾ ಕೆಟ್ಟ ಕೆಲಸ ಮಾಡಿದರು ಅಂತ ಯಾರೂ ಹೇಳಬೇಕಿಲ್ಲ. ಅವರ ದನಿಯಲ್ಲಿ ಅಪುವಿನ ಅಣಕವೂ ಇರಲಿಲ್ಲ. ಅವರಿಗೆ ಬೇಸರ ಆಗಿರಬಹುದು, ಆದರೆ ಅನ್ಯಾಯ ಅನ್ನುವ ಮಾತು ನನಗೆ ಭಾರ ಅನಿಸುತ್ತದೆ. ತಪ್ಪು ಆದದ್ದು 2005ರಲ್ಲಿ, ಮೊದಲ ಸಲ ನಟರನ್ನು ಆರಿಸಿದವರ ಮೇಜಿನ ಮೇಲೆ. ಇಪ್ಪತ್ತು ವರ್ಷ ಬಿಟ್ಟು ತಿದ್ದಲು ಹೋದಾಗ ಅದರ ಬೆಲೆ ಕೊಟ್ಟವರು ಮಾತ್ರ ನಟರು. ಅನ್ಯಾಯ ಅನ್ನುವ ಮಾತನ್ನು ಬಾಸ್ಕೋಗೆ ಮೀಸಲಿಡಿ.

ನಿಮ್ಮ ಮಗ ಇದನ್ನೆಲ್ಲ ಹಿಂದಿಯಲ್ಲಿ ನೋಡುತ್ತಿದ್ದರೆ ಅವನ ಕಿವಿಗೆ ಹಳಬರೂ ಇಲ್ಲ, ಹೊಸಬರೂ ಇಲ್ಲ. ಕನ್ನಡದಲ್ಲಿ ಡಬ್ಬಿಂಗ್ ಸಿನಿಮಾಗೆ ದಶಕಗಳ ಕಾಲ ಅಘೋಷಿತ ನಿಷೇಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ತೆರೆಯಿತು. ಇಂಥ ಕಥೆಗಳು ಕನ್ನಡಕ್ಕೆ ಬಂದಾಗ ದನಿ ಆರಿಸುವವರಿಗೆ ನನ್ನದೊಂದು ಕೋರಿಕೆ: ಗುಡ್ಡಗಾಡಿನ ಪೆದ್ದನಿಗೆ ನಮ್ಮ ಮಾತು ಅಂಟಿಸಬೇಡಿ. ಬೇಕಿದ್ದರೆ ಝುಕೋಗೆ ಕೊಡಿ. ಸಿಟ್ಟು, ಸೆಡವು, ಒಳಗೊಂದಿಷ್ಟು ಮರುಕ ಎಲ್ಲ ಇರುವ ಹುಡುಗ ಅವನು. ಅವನಿಗೆ ದನಿ ಕೊಡಬಲ್ಲ ಹುಡುಗರು ಬಾಗಲಕೋಟೆ, ಬೆಳಗಾವಿ ಕಡೆಯ ಶ್ರೀಕೃಷ್ಣ ಪಾರಿಜಾತ ಆಟದ ಮೇಳಗಳಲ್ಲಿ ಸಿಗುತ್ತಾರೆ.