ಹಳೆಯ ಕ್ಯಾಂಪರ್ ವ್ಯಾನ್ ಮಿಸ್ಸಿಂಗ್ ಹೊಡೆಯುತ್ತಿದೆಯಾ? ಮೊದಲು ಯಾವಾಗ, ಆಮೇಲೆ ಯಾವುದು

ಸಿಲಿಂಡರ್ ಒಳಗೆ ಹೋದ ಪೆಟ್ರೋಲ್ ಮತ್ತು ಗಾಳಿ ಸರಿಯಾದ ಹೊತ್ತಿಗೆ ಹೊತ್ತಿಕೊಳ್ಳದಿದ್ದರೆ ಅದೇ ಮಿಸ್‌ಫೈರ್. ನಮ್ಮ ಗ್ಯಾರೇಜ್ ಮಾತಿನಲ್ಲಿ ಮಿಸ್ಸಿಂಗ್. ಗಾಡಿ ಜರ್ಕ್ ಹೊಡೆಯುತ್ತದೆ, ಸೈಲೆನ್ಸರ್ ಪಟ್ ಪಟ್ ಅನ್ನುತ್ತದೆ, ಏರು ಬಂದರೆ ಪಿಕಪ್ ಇರುವುದಿಲ್ಲ.

ನಾನು ಇದನ್ನು ಕಲಿತದ್ದು 1973ರ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್ ಮೇಲೆ. ಎಂಜಿನ್ ಹಿಂದೆ ಇದೆ. 1584 ಸಿಸಿ. ನಾಲ್ಕು ಸಿಲಿಂಡರ್‌ಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿಕೊಂಡಿವೆ. ರೇಡಿಯೇಟರ್ ಇಲ್ಲ, ಫ್ಯಾನ್ ಗಾಳಿಯೇ ತಣಿಸಬೇಕು. ಶಕ್ತಿ ಸುಮಾರು 50 ಎಚ್‌ಪಿ ಅಷ್ಟೇ. ಒಳಗೆ ಹಾಸಿಗೆ, ಸ್ಟವ್, ನೀರಿನ ಟ್ಯಾಂಕ್, ಜೊತೆಗೆ ಮನೆಯವರು. ಒಂದು ಸಿಲಿಂಡರ್ ಕೈಕೊಟ್ಟರೂ ಸಾಕು, ಗಾಡಿಗೆ ತನ್ನ ಭಾರವೇ ಜಾಸ್ತಿಯಾಗುತ್ತದೆ.

ಹೊಸಬರು ಸಾಮಾನ್ಯವಾಗಿ ಮೊದಲೇ ಪ್ಲಗ್, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ), ವೈರ್ ಎಲ್ಲ ತಂದು ಬದಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಮಿಸ್ಸಿಂಗ್ ಯಾವಾಗ ಆಗುತ್ತದೆ? ಯಾವ ಸಿಲಿಂಡರ್‌ನಲ್ಲಿ?

ಯಾವಾಗ ಎಂಬುದಕ್ಕೆ ಕಿವಿ ಸಾಕು. ಒಂದೇ ಲಯದಲ್ಲಿ, ತಪ್ಪದೆ ಬರುವ ಮಿಸ್ಸಿಂಗ್ ಆದರೆ ತೊಂದರೆ ಒಂದು ಸಿಲಿಂಡರ್‌ನದು. ಲಯವೇ ಇಲ್ಲದೆ ಬಂದು ಹೋಗುತ್ತಿದ್ದರೆ ಎಲ್ಲಕ್ಕೂ ಸೇರಿದ ಭಾಗವನ್ನು ಅನುಮಾನಿಸಿ: ಕಾಯಿಲ್, ಪಾಯಿಂಟ್ (ಕಾಯಿಲ್ ಕರೆಂಟ್ ಕಡಿದು ಕಿಡಿ ಎಬ್ಬಿಸುವ ಸ್ವಿಚ್), ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಕಿಡಿಯನ್ನು ಒಂದೊಂದೇ ಸಿಲಿಂಡರ್‌ಗೆ ಹಂಚುವ ರೋಟರ್, ಇಲ್ಲವೇ ಪೆಟ್ರೋಲ್. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಕೆಮ್ಮಿ, ತಣಿದ ಮೇಲೆ ಮತ್ತೆ ಸರಿಯಾದರೆ ಕಂಡೆನ್ಸರ್ ಅಥವಾ ಕಾಯಿಲ್ ಕಡೆ ನೋಡಿ. ಏರಿನಲ್ಲಿ ಮಾತ್ರ ಮಿಸ್ ಆದರೆ ಕಿಡಿ ಬಲವಾಗಿಲ್ಲ ಎಂದು ಅನುಮಾನ ಪಡಬಹುದು. ಇದರ ಕಾರಣ ಅರ್ಥ ಮಾಡಿಕೊಳ್ಳಲೇಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿಯಾಗುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸೋತ ಕಾಯಿಲ್ ಅಥವಾ ಬಿರುಕು ಬಿಟ್ಟ ವೈರ್ ನಿಂತ ಗಾಡಿಯಲ್ಲಿ ಹೇಗೋ ನಿಭಾಯಿಸುತ್ತದೆ, ಏರಿನಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಯಾವುದು. ಇಲ್ಲಿ ಸಿಲಿಂಡರ್ ನಂಬರ್ ಗೊತ್ತಿರಬೇಕು. ಗಾಡಿ ಮುಖ ಮಾಡಿದ ದಿಕ್ಕಿಗೇ ನೀವೂ ಮುಖ ಮಾಡಿ ನಿಂತರೆ ಬಲಗಡೆ ಮುಂದಿನದು 1, ಅದರ ಹಿಂದಿನದು 2. ಎಡಗಡೆ ಮುಂದಿನದು 3, ಹಿಂದಿನದು 4. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸರದಿ, 1-4-3-2. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ವೈರ್‌ಗಳು ಅದಲುಬದಲಾಗಿ ಮಿಸ್ಸಿಂಗ್ ಬರುವುದೂ ಉಂಟು, ಆದ್ದರಿಂದ ಮೊದಲು ಅದನ್ನೇ ನೋಡಿಬಿಡಿ.

ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಕಳಚಿ. ಅದರ ತುದಿಯನ್ನು ಎಂಜಿನ್ ಲೋಹಕ್ಕೆ ತಾಗಿಸಿ ಗಟ್ಟಿಯಾಗಿ ಕಟ್ಟಿ, ಗಾಡಿ ಸ್ಟಾರ್ಟ್ ಮಾಡಿ. ಎಂಜಿನ್ ಸದ್ದು ಇನ್ನೂ ಕೆಟ್ಟರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸ ಇಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಓಡುತ್ತಿರುವಾಗ ವೈರ್ ಎಳೆಯುವವರನ್ನು ನೋಡಿರುತ್ತೀರಿ. ಅದರಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಫ್ಯಾನ್ ಬೆಲ್ಟ್ ಕೂಡ ಪಕ್ಕದಲ್ಲೇ ಸುತ್ತುತ್ತಿರುತ್ತದೆ. ಅವಸರ ಬೇಡ.

ಒಂದೇ ಬದಿಯ ಎರಡೂ, ಅಂದರೆ 1 ಮತ್ತು 2 ಅಥವಾ 3 ಮತ್ತು 4 ಒಟ್ಟಿಗೆ ಸೋತಿದ್ದರೆ ನನಗೆ ಮೊದಲು ಹೊಳೆಯುವುದು ಗಾಳಿ. 1971ರ ಮಾಡೆಲ್‌ನಿಂದ ಬಂದ ಡ್ಯುಯಲ್ ಪೋರ್ಟ್ (ಒಂದೊಂದು ಹೆಡ್‌ಗೆ ಎರಡು ಇನ್‌ಟೇಕ್ ದಾರಿ ಇರುವ) ಎಂಜಿನ್‌ನಲ್ಲಿ ಇನ್‌ಟೇಕ್ ಪೈಪ್ ಮೂರು ತುಂಡು. ನಡುವಿನ ಪೈಪಿಗೂ ಆಚೀಚಿನ ತುಂಡುಗಳಿಗೂ ರಬ್ಬರ್ ಬೂಟ್ ಜೋಡಣೆ. ರಬ್ಬರ್ ಸೀಳಿದರೆ ಆ ಬದಿ ಮಾತ್ರ ಹೊರಗಿನ ಗಾಳಿ ಎಳೆಯುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ಹಾಗಾದಾಗ ಪ್ಲಗ್ ತುದಿ ಬೆಳ್ಳಗಿರುತ್ತದೆ. ಬೂದು ಕಂದು ಬಣ್ಣ ಇದ್ದರೆ ಸರಿ. ಒಣ ಮಸಿ ಆದರೆ ಪೆಟ್ರೋಲ್ ಜಾಸ್ತಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಅಲ್ಲಿ ಕಿಡಿಯೇ ಹಾರುತ್ತಿಲ್ಲ.

ಪ್ಲಗ್ ಮೇಲೆ ಅನುಮಾನವಿದ್ದರೆ ಅಂಗಡಿಗೆ ಓಡಬೇಡಿ. ಉದಾಹರಣೆಗೆ 3 ಸೋತಿದ್ದರೆ, 3ರ ಪ್ಲಗ್ ತೆಗೆದು 1ಕ್ಕೆ, 1ರದನ್ನು 3ಕ್ಕೆ ಹಾಕಿ. ಮಿಸ್ಸಿಂಗ್ ಕೂಡ ಅದರ ಹಿಂದೆಯೇ 1ಕ್ಕೆ ಹೋದರೆ ಪ್ಲಗ್ ಕೆಟ್ಟಿದೆ, 3ರಲ್ಲೇ ಉಳಿದರೆ ಅಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದುಕೊಳ್ಳಿ.

ಟ್ಯೂನಿಂಗ್‌ನಲ್ಲಿ ಯಾವುದರ ನಂತರ ಯಾವುದು ಎಂಬುದೂ ಮುಖ್ಯ. ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಗ್ಯಾಪ್), ಪಾಯಿಂಟ್, ಟೈಮಿಂಗ್ (ಕಿಡಿ ಹಾರುವ ಹೊತ್ತು), ಕೊನೆಗೆ ಕಾರ್ಬುರೇಟರ್. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಅದು ಬದಲಾದರೆ ಟೈಮಿಂಗ್ ಕೂಡ ಜರುಗುತ್ತದೆ. ಮೊದಲು ಟೈಮಿಂಗ್ ಇಟ್ಟು ಆಮೇಲೆ ಪಾಯಿಂಟ್ ಮುಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ, ಅಲ್ವಾ?

ನಮ್ಮ ವ್ಯಾನಿನ ಕಥೆ ಇಲ್ಲೇ ಹೇಳುತ್ತೇನೆ. ನಿಂತಾಗ ಹೂವಿನಂತೆ ಓಡುತ್ತಿತ್ತು. ಆಕ್ಸಿಲರೇಟರ್ ಒತ್ತಿದ ಕೂಡಲೇ ತಡವರಿಸುತ್ತಿತ್ತು. ಒಂದು ಗ್ಯಾರೇಜ್‌ನಲ್ಲಿ ಕಾರ್ಬುರೇಟರ್ ಎರಡು ಸಲ ತೊಳೆದರು, ಸರಿಹೋಗಲಿಲ್ಲ. ಕೊನೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಳಗಿನ ಪ್ಲೇಟನ್ನು ಬೆರಳಿನಿಂದ ಅತ್ತಿತ್ತ ಆಡಿಸಿದೆ. ಪಾಯಿಂಟ್‌ಗೆ ಹೋಗುವ ಸಣ್ಣ ವೈರ್ ಹೊರಗಿನಿಂದ ಚೆನ್ನಾಗಿತ್ತು, ಒಳಗಿನ ತಂತಿ ಕಿತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಬಲ) ಆ ಪ್ಲೇಟನ್ನು ಎಳೆಯುತ್ತದೆ, ವೈರ್ ಬಾಗುತ್ತದೆ, ಸಂಪರ್ಕ ತಪ್ಪುತ್ತದೆ. ಯಾವಾಗ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲೇ ಇತ್ತು, ನಾವು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಕಾರ್ಬುರೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಂಪರ್ ತಿಂಗಳುಗಟ್ಟಲೆ ನಿಂತಿರುತ್ತದೆ, ಟ್ಯಾಂಕಿನ ತುಕ್ಕು ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್‌ಗೆ ಬಂದು ಕೂರುತ್ತದೆ. ಐಡ್ಲಿಂಗ್‌ನಲ್ಲಿ ಮಾತ್ರ ಸಾಯುತ್ತಿದ್ದರೆ ಕೀ ಆನ್ ಮಾಡಿ. ಕಾರ್ಬುರೇಟರ್ ಪಕ್ಕದ ಸೊಲೆನಾಯ್ಡ್ (ಐಡ್ಲಿಂಗ್ ಪೆಟ್ರೋಲ್ ದಾರಿಯನ್ನು ಕರೆಂಟ್‌ನಿಂದ ತೆರೆಯುವ ವಾಲ್ವ್) 'ಟಿಕ್' ಅನ್ನಬೇಕು. ಹಾಗೆಯೇ ಹಳೆಯ ಪೆಟ್ರೋಲ್ ಹೋಸ್‌ಗಳನ್ನು ಬಾಗಿಸಿ ನೋಡಿ, ಬಿರುಕು ಕಂಡರೆ ಅವತ್ತೇ ಬದಲಿಸಿ. ಎಂಜಿನ್ ಕೇಸ್ ಮೆಗ್ನೀಸಿಯಮ್ ಮಿಶ್ರ ಲೋಹದ್ದು. ಬೆಂಕಿ ಹತ್ತಿದರೆ ಆರಿಸುವುದು ತುಂಬಾ ಕಷ್ಟ.

ಮಾರುತಿ ಓಮ್ನಿಯನ್ನು ಕ್ಯಾಂಪರ್ ಮಾಡಿಕೊಂಡವರು ಕೂಡ ಇದೇ ದಾರಿ ಹಿಡಿಯಬಹುದು. ಅದು 796 ಸಿಸಿ, ಮೂರು ಸಿಲಿಂಡರ್, ಆರ್ಡರ್ 1-3-2. ಒಂದು ಸೋತರೆ ಮೂರರಲ್ಲಿ ಒಂದು ಪಾಲು ಹೋದಂತೆ, ಆದ್ದರಿಂದ ನಡುಕ ಇನ್ನೂ ಜೋರು. ನೀರಿನಿಂದ ತಣಿಯುವ ಎಂಜಿನ್ ಆದ್ದರಿಂದ ಮುಂದೆ ಹೇಳುವ ಟೈಪ್ 2 ಟ್ಯಾಪೆಟ್ ಅಳತೆಯನ್ನು ಅದಕ್ಕೆ ಬಳಸಬೇಡಿ.

ಟೈಪ್ 2 ಟ್ಯಾಪೆಟ್ ಗ್ಯಾಪ್ 0.15 ಮಿ.ಮೀ. ರಾತ್ರಿಯಿಡೀ ನಿಂತ, ಪೂರ್ತಿ ತಣ್ಣಗಿನ ಎಂಜಿನ್‌ನಲ್ಲೇ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಬೇಕು. ಬಿಸಿಯಾದಾಗ ಸಿಲಿಂಡರ್‌ಗಳು ಹಿಗ್ಗಿ ಗ್ಯಾಪ್ ದೊಡ್ಡದಾಗುತ್ತದೆ, ಅಳತೆ ಸುಳ್ಳಾಗುತ್ತದೆ. ಸಡಿಲ ಇದ್ದರೆ ಸದ್ದು ಬರುತ್ತದೆ ಅಷ್ಟೇ. ಬಿಗಿಯಾದರೆ ಅಪಾಯ: ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿ ಅನಿಲ ಸೋರಿ ಅಂಚು ಸುಟ್ಟುಹೋಗುತ್ತದೆ, ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರ್ ಒಳಗೆ ಏಳುವ ಒತ್ತಡ) ಬೀಳುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಇದು ಹೆಚ್ಚಾಗಿ 3ರಲ್ಲಿ ಆಗುತ್ತಿತ್ತು, ಏಕೆಂದರೆ ಆಯಿಲ್ ಕೂಲರ್ ಆ ಸಿಲಿಂಡರ್‌ಗೆ ಹೋಗುವ ಗಾಳಿಗೆ ಅಡ್ಡ ಇತ್ತು. 1971ರ ಮಾಡೆಲ್‌ನಿಂದ ಕೂಲರ್ ಜಾಗ ಬದಲಿಸಿದರು.

ಕಂಪ್ರೆಷನ್ ಕಡಿಮೆ ಬಂದಾಗ ತಪ್ಪು ಪಿಸ್ಟನ್ ರಿಂಗ್‌ನದೋ ವಾಲ್ವ್‌ನದೋ ತಿಳಿಯಲು ಸಿಲಿಂಡರ್ ಒಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುವ ಪದ್ಧತಿ ಇದೆ. ಇಲ್ಲಿ ಅದನ್ನು ಪೂರ್ತಿ ನಂಬಬೇಡಿ. ಸಿಲಿಂಡರ್ ಮಲಗಿರುವುದರಿಂದ ಆಯಿಲ್ ಕೆಳಬದಿಗೆ ಇಳಿದುಬಿಡುತ್ತದೆ, ರಿಂಗ್ ಸುತ್ತ ಹರಡುವುದಿಲ್ಲ. ಅದಕ್ಕಿಂತ ನಿಮ್ಮ ಪುಸ್ತಕದಲ್ಲಿ ಬರೆದ ಹಳೆಯ ಗ್ಯಾಪ್‌ಗಳನ್ನು ನೋಡಿ. ಒಂದೇ ಎಕ್ಸಾಸ್ಟ್ ವಾಲ್ವ್ ಪ್ರತಿ ಸಲವೂ ಬಿಗಿಯಾಗುತ್ತಿದ್ದರೆ ಅದರ ಕಾಂಡ ಹಿಗ್ಗುತ್ತಿರಬಹುದು. ಹಿಗ್ಗಿದ ವಾಲ್ವ್ ಒಂದು ದಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ. ಗ್ಯಾಪ್ ಮತ್ತೆ ಸರಿಮಾಡಿ ಪ್ರವಾಸಕ್ಕೆ ಹೊರಡಬೇಡಿ, ಎಂಜಿನ್ ಇಳಿಸಿ ಆ ಬದಿಯ ಹೆಡ್ ಬಿಚ್ಚಿಸಿ.